ಹೊಳೆಯಾಚೆಯ ಫ್ರೀಜರ್

ಜುಲೈ ಒಂದರ ಬೆಳಿಗ್ಗೆ ಡೆಲ್ಬರ್ಟ್ ಹಜಿನ್ಸ್‌ನ ಫ್ರೀಜರ್ ಗೊರಗೊರ ಎಂದು ಪ್ರಾಣ ಬಿಟ್ಟಿತು. ಸಾಯುವುದಕ್ಕೆ ಅದಕ್ಕೆ ಬೇರೆ ದಿನ ಸಿಗಲಿಲ್ಲವೇ! ಹೊಸ ಜೈಲು ಕಟ್ಟಿಸಲೆಂದು ಕೌಂಟಿಯವರು, ಅಂದರೆ ಜಿಲ್ಲೆಯ ಆಡಳಿತದವರು, ಮಾರಾಟ ತೆರಿಗೆಯನ್ನು ಡಾಲರಿಗೆ ಎರಡು ಸೆಂಟು ಏರಿಸಿದ್ದು ಅವತ್ತಿನಿಂದಲೇ ಜಾರಿ.

ಒಳಗಿದ್ದದ್ದು ಎರಡು ಜಿಂಕೆಗಳ ಮಾಂಸ. ಸ್ಕೂಲ್ ಬಸ್ಸು ಓಡಿಸಿ ನಿವೃತ್ತನಾದವನ ಪಿಂಚಣಿಯಲ್ಲಿ, ನವೆಂಬರಿನ ಬೇಟೆಯವರೆಗೆ ಗಂಡಹೆಂಡಿರಿಗೆ ಅದೇ ಗತಿ.

"ರೀ, ಸಂಜೆಯೊಳಗೆ ಹೊಸದು ಬರ್ಲಿಲ್ಲಾಂದ್ರೆ ಎಲ್ಲ ಕೆಟ್ಟು ನಾರುತ್ತೆ," ಎಂದಳು ಹೆಂಡತಿ ನೋವೆಲ್ಲಾ.

"ಆರುನೂರು ಡಾಲರಿನ ಫ್ರೀಜರ್ ಇಲ್ಲಿ ತಗೊಂಡ್ರೆ ಹನ್ನೆರಡು ಡಾಲರ್ ದಂಡ! ವಾರದ ಪೆಟ್ರೋಲ್ ದುಡ್ಡು ಕಣೇ. ಹೊಳೆ ದಾಟಿ ಪಕ್ಕದ ಕೌಂಟಿಗೆ ಹೋಗ್ತೀನಿ. ಇವರ ಜೈಲಿಗೆ ನಾನ್ಯಾಕೆ ಇಟ್ಟಿಗೆ ಹೊರಲಿ?"

ಅವನ ಪಿಕಪ್ ಗಾಡಿಯ ಸದ್ದಿಗೆ ಪಕ್ಕದ ಮನೆಯ ಟ್ರೂಡಿ, ಕೂದಲು ಗುಂಗುರಾಗಲೆಂದು ತಲೆಗೆ ಕಟ್ಟಿದ ಸುರುಳಿಗಳ ಸಮೇತ ಬೇಲಿಗೆ ಓಡಿಬಂದಳು.

"ಬ್ರದರ್ ಡೆಲ್ಬರ್ಟ್, ಹೊಳೆಯಾಚೆಗಾ? ನಂಗೆ ನಾಲ್ಕು ಟೈರ್ ತಂದ್ಬಿಡಿ. ಒಂದೇ ಚರ್ಚಿನವರು, ಇಲ್ಲ ಅನ್ಬೇಡಿ!"

ಎದುರುಮನೆಯ ಹಾರ್ಲನ್ನನಿಗೆ ನಾಯಿ ಊಟದ ಎಂಟು ಮೂಟೆ ಬೇಕಾಗಿತ್ತು. ಅಷ್ಟರಲ್ಲಿ ಪಾದ್ರಿಗಳೇ ಫೋನು ಮಾಡಿ ಚರ್ಚಿಗೆ ಇಪ್ಪತ್ತು ಮಡಚು ಕುರ್ಚಿ ಹೇಳಿದರು. ದೇವರ ಕೆಲಸ, ಯಾರು ಬೇಡ ಅಂತಾರೆ?

ಊರವರ ಸಾಮಾನು ಮೊದಲು, ನಮ್ಮದು ಆಮೇಲೆ ಎಂದು ಅಂಗಡಿಯಿಂದ ಅಂಗಡಿಗೆ ಅಲೆದವನು ಫ್ರೀಜರ್ ಅಂಗಡಿ ಮುಟ್ಟಿದಾಗ ಮೂರು ಗಂಟೆ. ಆರಿಸಿದ, ತಟ್ಟಿ ನೋಡಿದ. ಹೊರಗೆ ಬಂದರೆ ಪಿಕಪ್ಪಿನಲ್ಲಿ ಒಂದು ಕೋಳಿಮರಿಗೂ ಜಾಗವಿಲ್ಲ.

"ಯೋಚ್ನೆ ಯಾಕೆ ಯಜಮಾನ್ರೇ? ನಮ್ಮ ವ್ಯಾನಲ್ಲಿ ಇವತ್ತೇ ಮನೆಗೆ ತಂದ್ಕೊಡ್ತೀವಿ. ಬಾಡಿಗೆ ಇಲ್ಲ," ಎಂದಳು ಅಂಗಡಿಯ ಹುಡುಗಿ.

ಡೆಲ್ಬರ್ಟ್ ಖುಷಿಯಿಂದ ವಿಳಾಸ ಬರೆಸಿದ. ಬಿಲ್ ನೋಡಿ ಬೆಚ್ಚಿಬಿದ್ದ.

"ಇದೇನಮ್ಮ, ನಮ್ಮೂರಿನ ತೆರಿಗೆ ಹಾಕಿದೀಯಾ?"

"ಸಾಮಾನು ಎಲ್ಲಿ ಇಳಿಯುತ್ತೋ ಅಲ್ಲಿಯ ತೆರಿಗೆ, ಯಜಮಾನ್ರೇ. ನೀವೇ ಹೊತ್ಕೊಂಡು ಹೋದ್ರೆ ಮಾತ್ರ ನಮ್ಮೂರಿಂದು."

ಡೆಲ್ಬರ್ಟ್ ಟೈರು ನೋಡಿದ, ಮೂಟೆ ನೋಡಿದ, ಕುರ್ಚಿ ನೋಡಿದ. ಅವುಗಳಿಗೆಲ್ಲ ಡಾಲರಿಗೆ ಎರಡೆರಡು ಸೆಂಟು ಉಳಿದಿತ್ತು. ಅತ್ತ ಮಾಂಸ ಕರಗುತ್ತಿತ್ತು. ಹಲ್ಲು ಕಚ್ಚಿಕೊಂಡು ಆ ಹನ್ನೆರಡು ಡಾಲರನ್ನೂ ಸೇರಿಸಿ ಎಣಿಸಿಕೊಟ್ಟ. ಹೋಗಲಿ, ಮಾಂಸವಾದರೂ ಉಳಿಯಿತಲ್ಲ!

ತನ್ನ ಬೀದಿಗೆ ತಿರುಗುವ ಮೊದಲೇ ಘಮಘಮ ವಾಸನೆ ಬಂತು. ಅವನ ಮನೆಯಂಗಳದ ತುಂಬ ಜನ, ಹೊಗೆ, ನಗು. ಒಬ್ಬ ಬ್ಯಾಂಜೊ ಬಾರಿಸುತ್ತಿದ್ದ. ಟ್ರೂಡಿ ಪಕ್ಕೆಲುಬಿನ ತುಂಡು ಹಿಡಿದುಕೊಂಡೇ ಬಂದಳು.

"ಎಷ್ಟು ಹೊತ್ತು ಮಾಡೋದು ಬ್ರದರ್! ಮಾಂಸ ನೀರು ಬಿಡ್ತಿದೆ ಅಂತ ಪಾಪ ನೋವೆಲ್ಲಾ ಅಳೋಕೆ ಶುರು ಮಾಡಿದ್ಲು. ಹಾಳಾಗೋ ಬದಲು ಅಂತ ಎಲ್ಲಾ ಸೇರಿ ಸುಟ್ಬಿಟ್ವಿ. ಜಿಂಕೆ ಅಂದ್ರೆ ಜಿಂಕೆ ಕಣ್ರೀ!"

"ಎಲ್ಲಾನಾ?"

"ಒಂದು ತುಂಡೂ ದಂಡ ಮಾಡ್ಲಿಲ್ಲ!"

ಪಾದ್ರಿಗಳು ಪಿಕಪ್ಪಿನಿಂದ ಕುರ್ಚಿ ಇಳಿಸಿ ಸಾಲಾಗಿ ಹಾಕಿಸಿ, ಡೆಲ್ಬರ್ಟನ ಒಳ್ಳೆಯ ಮನಸ್ಸಿಗಾಗಿ ಪ್ರಾರ್ಥನೆ ಮಾಡಿದರು. ನೋವೆಲ್ಲಾ ಗಂಡನಿಗೆಂದು ಬಚ್ಚಿಟ್ಟಿದ್ದ ಎರಡು ತುಂಡು ಕೊಟ್ಟಳು. ಎಷ್ಟು ರುಚಿಯಾಗಿತ್ತೆಂದರೆ ಅವನಿಗೂ ನಗು ಬಂತು.

ಅಷ್ಟರಲ್ಲಿ ವ್ಯಾನು ಬಂದು ಫ್ರೀಜರ್ ಇಳಿಸಿತು. ತಂತಿ ಸಿಕ್ಕಿಸಿದರು. ಖಾಲಿ ಡಬ್ಬ ತಣ್ಣಗೆ ಗುಂಯ್‌ಗುಟ್ಟಿತು. ಹಾರ್ಲನ್ ಬಗ್ಗಿ ನೋಡಿ, ಮನೆಗೆ ಓಡಿ, ಎರಡು ಚೀಲ ಹೆಪ್ಪುಗಟ್ಟಿದ ಮೀನು ಹೊತ್ತು ತಂದು ಒಳಗೆ ಸುರಿದ.

"ಇಲ್ಲೇ ಇರ್ಲಿ ಬ್ರದರ್, ಹೆಂಗೂ ಖಾಲಿ ಇದೆ. ನಾನು ನಮ್ಮನೆ ಫ್ರೀಜರ್ ಆರಿಸ್ಬಿಟ್ಟೆ. ಇವತ್ತಿಂದ ಕರೆಂಟ್ ಬಿಲ್ಲಿಗೂ ಆ ಎರಡು ಸೆಂಟು ಬೀಳುತ್ತಂತಲ್ಲ!"