ಮಾವನ ಕಾರ್ಡಿಗೆ ಕರೆಂಟು ಸಾಲದು

ಕೊಟ್ಟೂರಿನ ನಮ್ಮ ಸೋದರಮಾವನ ಮನೆಯಲ್ಲಿ ಚಟ್ನಿ ತಿಂದು ಬಂದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅವರು ಬೇರೆ ಯಾರದೋ ಮನೆಗೆ ಹೋಗಿರುತ್ತಾರೆ! ಅತ್ತೆಗೆ ಚಟ್ನಿ ಮಾಡಲು ಬಾರದೆಂದಲ್ಲ. ಮಾವನ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಕೆಲಸದಲ್ಲಿದ್ದಾಗ ಆ ಮನೆಯಲ್ಲಿ ಮಿಕ್ಸಿ ಹಚ್ಚುವಂತಿಲ್ಲ. ಮಿಕ್ಸಿಯೇನು, ಇಸ್ತ್ರಿಪೆಟ್ಟಿಗೆ, ಫ್ರಿಜ್ಜು, ಟಿವಿ ಯಾವುದೂ ಇಲ್ಲ. ಬಿರುಬೇಸಿಗೆಯಲ್ಲೂ ಫ್ಯಾನು ತಿರುಗುವುದು ಕಾರ್ಡಿಗೆ ಮಾತ್ರ, ಮನುಷ್ಯರಿಗಲ್ಲ!

“ಒಂದಿನ ಆ ಕಾರ್ಡನ್ನ ಒಳಕಲ್ಲಿಗೆ ಹಾಕಿ ರುಬ್ಬಿಬಿಡ್ತೀನಿ ನೋಡ್ರಿ” ಎಂದು ಅತ್ತೆ ಕೂಗುತ್ತಿದ್ದಳು.

“ಮದ್ಲು ಅದರ ಫ್ಯಾನ್ ಬಿಚ್ಚಬೇಕು. ನಾಕು ಸ್ಕ್ರೂ ಅದಾವ, ಹುಷಾರು” ಎಂದು ಮಾವ ತಲೆಯೆತ್ತದೆ ಹೇಳುತ್ತಿದ್ದ.

ಮಾವನದು ಮದುವೆ ವಿಡಿಯೋ ಮಿಕ್ಸಿಂಗ್ ಕೆಲಸ. ವಧುವಿನ ಮುಖವನ್ನು ಕಮಲದೊಳಗೆ ಕೂರಿಸಿ ಮೂರು ಸುತ್ತು ತಿರುಗಿಸುವುದರಲ್ಲಿ ನಮ್ಮ ಕಡೆ ಅವನದು ಎತ್ತಿದ ಕೈ. ಕ್ಯಾಸೆಟ್ಟು ಹೋಗಿ ಸಿಡಿ ಬಂದ ಆ ದಿನಗಳಲ್ಲಿ ದಾವಣಗೆರೆಗೆ ಹೋಗಿ ಹೊಸ ತಲೆಮಾರಿನ ಕಾರ್ಡು ತಂದ. ಬಸ್ಸಿನಲ್ಲಿ ಅದನ್ನು ಬಾಣಂತಿ ಕೂಸು ಹಿಡಿದಂತೆ ತೊಡೆಯ ಮೇಲಿಟ್ಟುಕೊಂಡು ಬಂದನಂತೆ. ಹಳೆಯ ಕಾರ್ಡು ಕಂಪ್ಯೂಟರಿನೊಳಗೆ ಸಿಕ್ಕಷ್ಟು ಕರೆಂಟಿನಲ್ಲೇ ಕೆಲಸ ಮಾಡುತ್ತಿತ್ತು. ಇದಕ್ಕೋ, ಬೇರೆಯೇ ವೈರು, ಬೇರೆಯೇ ಫ್ಯಾನು!

“ಹಳೀದು ರೊಟ್ಟಿ ಹಾಕಿದ್ರ ತಿಂದು ಸುಮ್ನಿರ್ತಿತ್ತು. ಇದು ದಿನಾ ಹೋಳಿಗಿ ಕೇಳ್ತೈತಿ” ಎಂದು ಮಾವ ಹೆಮ್ಮೆಪಟ್ಟ.

“ನಾ ಒಂದಿನ ಕೇಳಿದ್ದಕ್ಕ ತಂದು ಕೊಟ್ಟೀರೇನು ಹೋಳಿಗಿ?” ಎಂದಳು ಅತ್ತೆ.

ನಮ್ಮೂರ ಕಡೆಯ ಕರೆಂಟಿಗೆ ಹೋಳಿಗೆಯ ಯೋಗ್ಯತೆ ಎಲ್ಲಿಂದ ಬರಬೇಕು? ಊರಾಚೆಯ ಹೊಲಗಳಿಗೆ ತ್ರೀಫೇಸ್ ಬಿಟ್ಟ ಕೂಡಲೇ ಬೋರಿನ ಮೋಟರುಗಳೆಲ್ಲ ಒಟ್ಟಿಗೆ ಶುರುವಾಗುತ್ತಿದ್ದವು. ವೋಲ್ಟೇಜು ಇಳಿದದ್ದು ತಿಳಿಯಲೆಂದು ಬಾಗಿಲ ಮೇಲೆ ಮಾವ ಕಟ್ಟಿದ್ದ ಬಲ್ಬು ಮಂಕಾಗಿ ಕೆಂಪಗಾಗುತ್ತಿತ್ತು. ಯುಪಿಎಸ್ಸು ಎರಡು ನಿಮಿಷ ಚೀರಿ ಸುಮ್ಮನಾಗುತ್ತಿತ್ತು. ಕಂಪ್ಯೂಟರು ಮತ್ತೆ ಮೊದಲಿನಿಂದ! ಮಾವ ಹಣೆಗೆ ಕೈ ಹಚ್ಚಿ ಕೂರುತ್ತಿದ್ದ. ವರ್ಷವಿಡೀ ನಾನು ನೋಡಿದ್ದು ಹೆಚ್ಚಾಗಿ ಆ ಭಂಗಿಯನ್ನೇ.

ಒಮ್ಮೆ ಎದುರುಮನೆಯಲ್ಲಿ ಮದುವೆ. ಗೋಡೆಯ ತುಂಬ ಸೀರಿಯಲ್ ಸೆಟ್ಟಿನ ದೀಪಗಳು. ಮಾವ ಹೋಗಿ ಮದುಮಗಳ ಅಪ್ಪನಿಗೆ ಕೈ ಮುಗಿದ.

“ಒಂದು ತಾಸು ಇವನ್ನೆಲ್ಲ ಆರಿಸ್ರಿ. ಭಾಳ ಅಗತ್ಯದ ಕೆಲಸ ಐತಿ.”

“ಮದಿವಿ ಮನಿ ಕತ್ತಲ ಮಾಡು ಅಂತೀಯೇನಲೇ? ತಲಿ ನೆಟ್ಟಗೈತೋ ಇಲ್ಲೋ?”

ಬೀಗರೆಲ್ಲ ನಕ್ಕರು. ನನಗೂ ನಗು ಬಂತು, ಸುಳ್ಳೇಕೆ ಹೇಳಲಿ? ಆ ಅಗತ್ಯದ ಕೆಲಸ ಯಾವುದೆಂದು ಗೊತ್ತಾದ ಮೇಲೆ ಮಾತ್ರ ನಗಲು ಆಗಲಿಲ್ಲ.

ಅದು ನಮ್ಮ ಚಿಕ್ಕಮ್ಮನ ಮದುವೆಯ ಕ್ಯಾಸೆಟ್ಟು. ಆ ಮದುವೆಯಾಗಿ ಮೂರೇ ತಿಂಗಳಿಗೆ ಅಜ್ಜಿ, ಅಂದರೆ ಮಾವನ ಅವ್ವ, ತೀರಿಕೊಂಡಳು. ಅಜ್ಜಿಯ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಇದ್ದದ್ದು ಆ ಕ್ಯಾಸೆಟ್ಟಿನಲ್ಲಿ ನಾಲ್ಕು ಸೆಕೆಂಡು. ಅದರಲ್ಲೂ ಮುಖದ ಜಾಗದಲ್ಲಿ ಒಂದು ಬಿಳಿ ಮಚ್ಚೆ, ಅದರ ಅಂಚಿಗೆ ಎತ್ತಿದ ಕೈ. ಆಗ ಮಾವ ಇನ್ನೂ ಕೆಲಸ ಕಲಿಯುತ್ತಿದ್ದ, ಕ್ಯಾಮೆರಾದವನ ಪಕ್ಕ ದೊಡ್ಡ ಲೈಟು ಹಿಡಿಯುವುದೇ ಅವನ ಕೆಲಸ.

“ನನ್ ಕಡೀಗೇ ನೋಡ್ಯಾಳ. ಕೈ ಎತ್ತಿ ನನಗ ಹರಸ್ಯಾಳೋ” ಎಂದು ಹನ್ನೆರಡು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದ.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಹಾಕಿದಾಗಲೆಲ್ಲ ಟೇಪಿನಿಂದ ಪುಡಿ ಉದುರುತ್ತಿತ್ತು. ಅದು ಪೂರ್ತಿ ಹಾಳಾಗುವ ಮುಂಚೆ ಕಂಪ್ಯೂಟರಿಗೆ ಇಳಿಸಿಕೊಂಡು, ಬಿಳುಪು ತೆಗೆದು, ಅವ್ವನ ಮುಖ ನೋಡಬೇಕು. ಕಾರ್ಡು ತಂದದ್ದೇ ಅದಕ್ಕೆ. ಆದರೆ ಪ್ರತಿ ಸಲವೂ ಅರ್ಧಕ್ಕೇ ಕರೆಂಟು ಕೈಕೊಡುತ್ತಿತ್ತು, ಪ್ರತಿ ಸಲವೂ ಅಜ್ಜಿ ಒಂದಿಷ್ಟು ಅಳಿಸಿಹೋಗುತ್ತಿದ್ದಳು. ಮಾವ ಊಟ ಬಿಟ್ಟ, ಮಾತು ಬಿಟ್ಟ. ಕೊನೆಗೆ ಎಲ್ಲಿಂದಲೋ ಕಲಿತುಬಂದು ಕಾರ್ಡಿನ ವೇಗವನ್ನೇ ಅರ್ಧಕ್ಕೆ ಇಳಿಸಿದ. ವೇಗ ಕಡಿಮೆಯಾದರೆ ಅದು ಎಳೆಯುವ ಕರೆಂಟೂ ಕಡಿಮೆ.

“ಅಂದ್ರ ಹೊಸ ಕಾರ್ಡು ತಂದು ಹಳೇ ಕಾರ್ಡು ಮಾಡಿದ್ರಿ ಅನ್ರಿ!” ಎಂದಳು ಅತ್ತೆ. ಹಾಗೆಂದವಳೇ ತಾನಾಗಿ ಹೋಗಿ ಫ್ರಿಜ್ಜಿನ ಪ್ಲಗ್ಗು ಕಿತ್ತಳು.

ಅವತ್ತು ನಾನೂ ಅಲ್ಲಿದ್ದೆ. ಬಲ್ಬು ಎರಡು ಸಲ ಕೆಂಪಗಾಯಿತು, ಕಂಪ್ಯೂಟರು ಆರಲಿಲ್ಲ. ಅಜ್ಜಿಯ ನಾಲ್ಕು ಸೆಕೆಂಡು ದಾಟಿದ ಮೇಲೆ ಟೇಪು ಕಟ್ ಆಯಿತು. ಇನ್ನು ಆ ಕ್ಯಾಸೆಟ್ಟು ಯಾವತ್ತೂ ಓಡುವುದಿಲ್ಲ. ಮಾವ ಅದರ ಕಡೆ ತಿರುಗಿಯೂ ನೋಡದೆ, ಕಂಪ್ಯೂಟರಿಗೆ ಇಳಿದಿದ್ದ ಚಿತ್ರದ ಬಿಳುಪನ್ನು ಒಂದೊಂದೇ ಹಂತ ಇಳಿಸುತ್ತ ಹೋದ. ಸೆರಗು ಕಂಡಿತು, ಮೂಗುತಿ ಕಂಡಿತು, ಕೈ ಸ್ಪಷ್ಟವಾಯಿತು.

ಆ ಕೈ ಹರಸುತ್ತಿರಲಿಲ್ಲ. ಹುಬ್ಬಿನ ಮೇಲೆ ಅಡ್ಡ ಹಿಡಿದ ಅಂಗೈ. ಅದರ ನೆರಳಲ್ಲಿ ಅಜ್ಜಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

ಮಾವ ಪರದೆಯ ಹತ್ತಿರಕ್ಕೆ ಮುಖ ತಂದ.

“ಬೆಳಕು ಹೊಡ್ದೈತಲೋ ಅವ್ವಗ. ನಾನ ಆ ಲೈಟು ಹಿಡ್ಕಂಡು ನಿಂತಿದ್ನೆಲ್ಲೋ.”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾವ ಎದ್ದು ಹೋಗಿ ಕೋಣೆಯ ಟ್ಯೂಬ್‌ಲೈಟು ಆರಿಸಿದ. ತಿರುಗಿ ಬಂದು ಕಂಪ್ಯೂಟರಿನ ಮುಂದೆ ನಿಂತ.

“ಆರಿಸೀನವ್ವಾ, ಕೈ ತಗಿ” ಎಂದ.