ಒಂದು ಸಾಲು, ಎರಡು ಸೌಟು

ಪಾವಗಡದ ನಾಟಕದಲ್ಲಿ ದುರ್ಯೋಧನ ಶ್ರುತಿಯಿಲ್ಲದೆ ಹಾಡಿದ್ದಕ್ಕೂ, ಶಿರಾದಲ್ಲಿ ಗಂಗಹನುಮಯ್ಯನ ಮದುವೆ ಅಲ್ಲಾಡಿದ್ದಕ್ಕೂ ಕಾರಣ ಒಂದೇ ಹಾರ್ಮೋನಿಯಂ. ಅದೇನೂ ಕಳುವಾಗಿರಲಿಲ್ಲ. ದೊಡ್ಡರಂಗಯ್ಯನವರ ಪಾರ್ಸೆಲ್ ಆಫೀಸಿನ ಗೋಡೌನಿನಲ್ಲಿ ಗೋಣಿತಾಟು ಹೊದ್ದುಕೊಂಡು ಸುಖವಾಗಿ ಕೂತಿತ್ತು. ಕಳೆದುಹೋದದ್ದು ಅದರ ಚೀಟಿ. ಚೀಟಿ ಬಾರದ ಸಾಮಾನನ್ನು ಅಲ್ಲಿಯ ಹಮಾಲರು ಕಾಲಿನಿಂದಲೂ ಮುಟ್ಟುತ್ತಿರಲಿಲ್ಲ.

ಚೀಟಿ ಬರೆಯುವುದು ಮನುಷ್ಯರ ಕೈ ಬಿಟ್ಟುಹೋಗಿ ಆರೇಳು ತಿಂಗಳಾಗಿತ್ತು. ಎಂಬತ್ತೆಂಟನೇ ಇಸವಿಯ ಯುಗಾದಿಗೆ ಯಜಮಾನ ದೊಡ್ಡರಂಗಯ್ಯನವರು "ಅಕ್ಕಪಕ್ಕದ ಯಾವೂರಲ್ಲೂ ಇಲ್ದೇ ಇರೋದು ನಮ್ತಾವ ಇರ್ಲಿ" ಎಂದು ಕಂಪ್ಯೂಟರ್ ತರಿಸಿದ್ದರು. ಆ ಕಂಪ್ಯೂಟರಿಗೊಂದು ಎಸಿ ರೂಮು, ಆ ರೂಮಿಗೊಬ್ಬ ಗಂಗಹನುಮಯ್ಯ. ಕಿಟಕಿಯಲ್ಲಿ ಬುಕ್ ಆದ ಸಾಮಾನಿನ ಹೆಸರೆಲ್ಲ ಮಿಷನ್ನಿನ ಹೊಟ್ಟೆಯೊಳಗೆ ಒಂದರ ಹಿಂದೊಂದು ಸಾಲಾಗಿ ನಿಲ್ಲುತ್ತಿದ್ದವು. ಸಾಲಿನಿಂದ ಒಂದೊಂದನ್ನೇ ಎತ್ತಿಕೊಂಡು ಚೀಟಿ ಹೊಡೆಯಲು ಅವನು ಎರಡು ಪ್ರೋಗ್ರಾಮು ಬರೆದು, ಒಂದಕ್ಕೆ ರಾಮ, ಇನ್ನೊಂದಕ್ಕೆ ಲಕ್ಷ್ಮಣ ಎಂದು ಹೆಸರಿಟ್ಟಿದ್ದ. ಇಬ್ಬರಿಗೂ ಒಂದೊಂದು ಪ್ರಿಂಟರು. ಕೆಲಸಕ್ಕೆ ಒಂದೇ ಸಾಕಿತ್ತು. ಆದರೆ ಎರಡೂ ಒಟ್ಟಿಗೆ ಕಿರ್ರೆಂದರೆ ಗಿರಾಕಿಗಳಿಗೆ ಭಯಭಕ್ತಿ ಹುಟ್ಟುತ್ತದೆಂಬುದು ಯಜಮಾನರ ನಂಬಿಕೆ.

ಬೆಳಿಗ್ಗೆ ಪಾವಗಡದಿಂದ ನಾಟಕದ ಮೇನೇಜರು ಟ್ರಂಕ್ ಕಾಲ್ ಮಾಡಿದ.

"ಏಮಯ್ಯಾ, ನಿಮ್ಮ ಕಂಪ್ಯೂಟರಿಗೆ ಬೆಂಕಿ ಬೀಳ! ಹಾರ್ಮೋನಿಯಂ ಎಕ್ಕಡ? ರಾತ್ರಿಯೆಲ್ಲಾ ದುರ್ಯೋಧನ ಒಂದು ಕಡೆ, ತಬಲಾ ಒಂದು ಕಡೆ! ಜನ ಚಪ್ಲಿ ಎಸೆದ್ರು ಕದಯ್ಯಾ!"

ಯಜಮಾನರು ರಿಸೀವರನ್ನು ಕಿವಿಯಿಂದ ಮೊಳ ದೂರ ಹಿಡಿದಿದ್ದರೂ ಬೈಗುಳ ಎಸಿ ರೂಮಿನವರೆಗೆ ಕೇಳಿಸಿತು. ಫೋನಿಟ್ಟವರೇ ಒಳಗೆ ಬಂದರು.

"ಹನುಮಯ್ಯ, ವಾರವಾರಾನೂ ಇದೇ ಆಯ್ತಲ್ಲೋ. ಸಾಯಂಕಾಲ ಪಾವಗಡದ ಲಾರಿ ಹೊರಡೋ ಒಳಗೆ ಇದು ಸರಿಯಾಗ್ಬೇಕು. ಯಾಕೆ ಇಂಗಾಗ್ತೈತೆ ಅಂತ ನಂಗೆ ತಿಳಿಯೋ ಅಂಗೆ ಹೇಳ್ಲೂಬೇಕು. ಇಲ್ದಿದ್ರೆ ಮಿಷನ್ನೂ ಬ್ಯಾಡ, ನೀನೂ ಬ್ಯಾಡ."

ಗಂಗಹನುಮಯ್ಯನಿಗೆ ಎಸಿಯಲ್ಲೂ ಬೆವರು ಬಂತು. ಕೆಲಸ ಹೋಗುವ ಭಯ ಒಂದಾದರೆ, ಅದೇ ಸಾಯಂಕಾಲ ಕೊರಟಗೆರೆಯಿಂದ ತಿಮ್ಮರಾಯಪ್ಪನವರು ಬರುವವರಿದ್ದರು. ಅವರು ಮಗಳನ್ನು ಕೊಡಲು ಒಪ್ಪಿದ್ದೇ ಹುಡುಗ ಎಸಿ ರೂಮಿನಲ್ಲಿ ಕೂರುತ್ತಾನೆ ಎಂಬ ಮಾತಿನ ಮೇಲೆ. "ಗೋಡೌನ್‌ನಾಗೆ ಮೂಟೆ ಎಣಿಸೋರಿಗೆ ನಾನು ಹೆಣ್ಣು ಕೊಡಕಿಲ್ಲ. ಆ ರೂಮು ಕಣ್ಣಾರೆ ನೋಡ್ಬುಟ್ಟು ಲಗ್ನ ಕಟ್ಟಿಸ್ತೀನಿ" ಎಂದು ಹೇಳಿಕಳಿಸಿದ್ದರು. ಹುಡುಗಿಯನ್ನು ಅವನು ಸಿದ್ದರಬೆಟ್ಟದ ಮೆಟ್ಟಿಲ ಮೇಲೆ ಒಂದೇ ಸಲ ನೋಡಿದ್ದ. ಅವಳು ಒಮ್ಮೆ ತಿರುಗಿ ನೋಡಿ ನಕ್ಕಿದ್ದಳು. ಆ ನಗುವಿಗಾಗಿ ಅವನು ಬೇಕಾದರೆ ಬೆಟ್ಟವನ್ನೇ ಹೊರುತ್ತಿದ್ದ. ಅವರಪ್ಪನಿಗೆ ಬೇಕಿದ್ದದ್ದು ಮಾತ್ರ ತಣ್ಣನೆಯ ಗಾಳಿ.

ಅಷ್ಟರಲ್ಲಿ ಹಮಾಲರ ಮೇಸ್ತ್ರಿ ಯತ್ತಪ್ಪ ತನ್ನ ತಕರಾರು ಹೊತ್ತು ಬಂದ.

"ನಂದೊಂದು ಬ್ಯಾರೆ ಐತೆ ಸಾ. ನೆನ್ನೆ ಒಂದು ಮೆಣಸಿನಕಾಯಿ ಮೂಟೆಗೆ ಎರಡು ಚೀಟಿ ಬಂದೈತೆ. ಇನ್ನೊಂದು ಮೂಟೆ ಎಲ್ಲಿಂದ ತರ್ಲಿ? ನಾನೇನು ಅಷ್ಟು ಮೆಣಸಿನಕಾಯಿ ತಿಂದ್ಬುಟ್ನಾ?"

"ಇರಪ್ಪ ಯತ್ತಪ್ಪ, ಮೊದಲು ಇಲ್ಲದ ಚೀಟಿ ಹುಡುಕೋಣ. ಹೆಚ್ಚಿಗೆ ಬಂದದ್ದನ್ನ ಆಮೇಲೆ ನೋಡೋಣ" ಎಂದು ಗಂಗಹನುಮಯ್ಯ ಅವನನ್ನು ಸಾಗಹಾಕಿದ. ಅದು ಅವನು ಆ ದಿನ ಮಾಡಿದ ಮೊದಲ ತಪ್ಪು.

ಎಸಿ ರೂಮಿನ ಇನ್ನೊಂದು ಕುರ್ಚಿಯಲ್ಲಿ ಪರ್ವತಯ್ಯನವರು ಕೂತಿದ್ದರು. ಇವರು ಹಳೇ ಗುಮಾಸ್ತರು, ಯಜಮಾನರಿಗೆ ದೂರದ ನೆಂಟರು. ಮಿಷನ್ ಬಂದು ಲೇಖನಿ ಕೆಳಗಿಡಬೇಕಾಯಿತೆಂದು ಮೊದಮೊದಲು ಮುನಿಸಿಕೊಂಡಿದ್ದರು. ಎಸಿಯ ರುಚಿ ಹತ್ತಿದ ಮೇಲೆ ಎರಡು ಬೆರಳಲ್ಲಿ ಅಕ್ಷರ ಕುಟ್ಟುವುದನ್ನು ಕಲಿತಿದ್ದರು.

"ದೃಷ್ಟಿ ತಗುಲಿದೆ ಕಣಯ್ಯ" ಎಂದವರೇ ಕಂಪ್ಯೂಟರಿನ ಮೇಲೆ ನಿಂಬೆಹಣ್ಣು ಕೊಯ್ದಿಟ್ಟರು. ಅದರ ರಸ ಒಳಗಿಳಿಯದಂತೆ ಗಂಗಹನುಮಯ್ಯ ಕರವಸ್ತ್ರ ಹಿಡಿದು ಓಡಾಡಿದ. ಕಸ ಗುಡಿಸುವ ಲಕ್ಕಮ್ಮ, ಹಲ್ಲಿ ಬಿದ್ದಿರಬೇಕೆಂದು ಪೊರಕೆಯ ಹಿಡಿಯಿಂದ ಪ್ರಿಂಟರನ್ನು ತಿವಿದು ನೋಡಿದಳು. ಇಬ್ಬರನ್ನೂ ಕೈಮುಗಿದು ಆಚೆಗೆ ಸರಿಸಿ, ಅವನು ಪರೀಕ್ಷೆಗೆ ಕೂತ.

ಯಾವುದು ತಪ್ಪುತ್ತದೆಂದು ಥಟ್ಟನೆ ಗೊತ್ತಾಗಲಿ ಎಂದು ಸಾಲಿಗೆ ಸುಳ್ಳು ಸಾಮಾನು ಹಾಕಿದ: ಆನೆ, ಒಂಟೆ, ಹುಲಿ, ಕರಡಿ. ರಾಮ ಲಕ್ಷ್ಮಣರು ಪ್ರತಿ ಹೆಜ್ಜೆಗೂ "ಈಗ ಆನೆ ಎತ್ತಿಕೊಂಡೆ, ಈಗ ಸಾಲು ಮುಂದಕ್ಕೆ ಸರಿಸಿದೆ" ಎಂದು ಪರದೆಯ ಮೇಲೆ ಒಪ್ಪಿಸುವಂತೆ ಮಾಡಿದ. ಕಣ್ಣು ಮಿಟುಕಿಸದೆ ನೋಡಿದ. ನಾಲ್ಕೂ ಪ್ರಾಣಿ ಸರಿಯಾಗಿ ಬಂದವು. ಮತ್ತೆ ಮತ್ತೆ ಹಾಕಿದ, ಮತ್ತೆ ಮತ್ತೆ ಬಂದವು. ಯಜಮಾನರು ಎದುರಿಗೆ ನಿಂತಾಗ ಹಮಾಲರು ಮೂಟೆಯನ್ನು ಹಸುಗೂಸಿನಂತೆ ಇಳಿಸುತ್ತಾರಲ್ಲ, ಹಾಗಿತ್ತು ರಾಮ ಲಕ್ಷ್ಮಣರ ನಡತೆ. ಒಪ್ಪಿಸುವುದನ್ನು ನಿಲ್ಲಿಸಿ ಎಂದಿನಂತೆ ಓಡಿಸಿದ. ಕಿರ್ರ್! ಆನೆ ಬಂತು, ಒಂಟೆ ಬಂತು, ಕರಡಿ ಬಂತು. ಹುಲಿ ಮಾತ್ರ ಇಲ್ಲ.

"ಹುಲಿ ಹೋಯ್ತು! ಹುಲಿ ತಪ್ಪಿಸ್ಕೊಂಡ್ತು!" ಎಂದು ಅವನು ಖುಷಿಯಲ್ಲಿ ಕುರ್ಚಿಯಿಂದ ಎದ್ದು ಕೂಗಿಬಿಟ್ಟ.

ಬಾಗಿಲ ಹೊರಗಿದ್ದ ಲಕ್ಕಮ್ಮ ಪೊರಕೆ ಎಸೆದು ಓಡಿದಳು. "ಅಯ್ಯಯ್ಯೋ, ಗೋಡೌನ್ನಿಂದ ಹುಲಿ ತಪ್ಪಿಸ್ಕೊಂಡೈತಂತ್ರಪ್ಪೋ!" ಇಲಿ ಹೋಯಿತೆಂದರೆ ಹುಲಿ ಹೋಯಿತು ಎನ್ನುವ ಜನ, ಹುಲಿಯೇ ಹೋಯಿತೆಂದರೆ ಕೇಳಬೇಕೆ? ಎದುರಿನ ಸೈಕಲ್ ಶಾಪಿನ ಸಾಹೇಬರು "ಅರೇ ಭಾಯ್, ಶೇರ್ ಕಿಧರ್ ಹೈ?" ಎನ್ನುತ್ತಲೇ ಷಟರ್ ಎಳೆದುಕೊಂಡು ಒಳಗೆ ಸೇರಿದರು. ಬುಕ್ ಮಾಡಲು ಬಂದಿದ್ದ ಗಿರಾಕಿಗಳು ತಮ್ಮ ಗಂಟು ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ದೌಡಾಯಿಸಿದರು. ಯತ್ತಪ್ಪ ಮಾತ್ರ ಧೈರ್ಯಸ್ಥ. ಅಷ್ಟರಲ್ಲಿ ಪ್ರಿಂಟರಿನಿಂದ ಹರಿದು ಲಾರಿಗೆ ಒಯ್ದಿದ್ದ ಚೀಟಿಗಳನ್ನು ಹಿಡಿದು ವಾಪಸ್ಸು ಎಸಿ ರೂಮಿಗೆ ಬಂದ.

"ಹುಲಿ ವಿಚಾರ ಆಮ್ಯಾಕಿರ್ಲಿ ಸಾ. ಆನೆಗೆ ಲಾರಿಯಾಗೆ ಜಾಗ ಬುಟ್ಟಿದೀನಿ. ಎಲ್ಲೈತೆ ಅದು? ಒಂಟೆಗೆ ಎರಡು ಚೀಟಿ ಬಂದೈತೆ, ಎರಡು ಒಂಟೆನಾ?"

ಹಿಂದೆಯೇ ಯಜಮಾನರು ಬಂದರು. ಅವರ ಕೈಯಲ್ಲಿ ಕೋವಿ ಇತ್ತು. ಹುಲಿ ಎಂಬುದು ಬರೀ ಹೆಸರೆಂದು ತಿಳಿದ ಮೇಲೆ ಆ ಕೋವಿಯನ್ನು ಏನು ಮಾಡುವುದೆಂದು ಅವರಿಗೂ ತೋಚಲಿಲ್ಲ.

"ಕಳೆದಿರೋ ಹಾರ್ಮೋನಿಯಂಗೆ ದಾರಿ ಕಾಣ್ಸು ಅಂದ್ರೆ, ಇಲ್ದೇ ಇರೋ ಹುಲೀನೂ ಕಳೆದ್ಯಲ್ಲೋ!" ಎಂದರು. "ಹೊಸ ಲಾರಿ ಪೂಜೆ ಅಂತ ಊಟ ಹಾಕಿಸ್ತಿದೀನಿ. ಉಂಡ್ಕೊಂಡು ಬಂದು ಮುಗ್ಸು. ಸಾಯಂಕಾಲದ ಮಾತು ನೆನಪಿರ್ಲಿ."

ಗೋಡೌನಿನಲ್ಲೇ ಪಂಕ್ತಿ ಹಾಕಿತ್ತು. ಪರ್ವತಯ್ಯನವರ ಪಕ್ಕದ ಎಲೆಗೆ ಗಂಗಹನುಮಯ್ಯ ಕೂತ. ಅನ್ನ ಕಲಸುತ್ತಲೇ ಇದ್ದ. ಬಸ್ಸು ಕೊರಟಗೆರೆ ಬಿಟ್ಟಿರಬಹುದು, ಮಧುಗಿರಿ ದಾಟಿರಬಹುದು ಎಂದು ಮನಸ್ಸು ತಿಮ್ಮರಾಯಪ್ಪನವರ ಜೊತೆಯಲ್ಲೇ ಬರುತ್ತಿತ್ತು.

ಪಾಯಸ ಬಂತು. ಯತ್ತಪ್ಪನ ಕೈಯಲ್ಲೊಂದು ಬಕೆಟ್ಟು, ಡ್ರೈವರ್ ಓಬಯ್ಯನ ಕೈಯಲ್ಲೊಂದು. ಒಂದು ಎಲೆ ಇವನು, ಮುಂದಿನ ಎಲೆ ಅವನು ಎಂದು ಬಡಿಸುತ್ತ ಬಂದರು. ಯಜಮಾನರು "ಬೇಗ ಬೇಗ ಬುಡ್ರೋ, ಬಿಸಿ ಆರ್ತದೆ!" ಎಂದು ಗದರಿದರು. ಗಾಬರಿಯಲ್ಲಿ ಇಬ್ಬರೂ ಒಂದೇ ಸಲಕ್ಕೆ ಪರ್ವತಯ್ಯನವರ ಎಲೆಗೇ ಸೌಟು ಬಗ್ಗಿಸಿದರು. 'ಇವರಿಗೆ ನಾನು ಬಿಟ್ಟೆ, ಮುಂದಿನವರಿಗೆ ಅವನು ಬಿಟ್ಟಿರುತ್ತಾನೆ' ಎಂದು ಯತ್ತಪ್ಪ ಗಂಗಹನುಮಯ್ಯನನ್ನು ದಾಟಿ ಹೋದ. ಅದೇ ಲೆಕ್ಕದಲ್ಲಿ ಓಬಯ್ಯನೂ ದಾಟಿ ಹೋದ. ಪರ್ವತಯ್ಯನವರ ಎಲೆಯಿಂದ ಪಾಯಸ ನೆಲಕ್ಕೆ ಹರಿಯಿತು. ಗಂಗಹನುಮಯ್ಯನ ಎಲೆ ಒಣಗಿಯೇ ಇತ್ತು.

ಅವನು ತನ್ನ ಎಲೆ ನೋಡಿದ. ಪಕ್ಕದ ಎಲೆ ನೋಡಿದ. ಒಂದು ಮೆಣಸಿನಕಾಯಿ ಮೂಟೆಗೆ ಎರಡು ಚೀಟಿ, ಅದರ ಹಿಂದಿದ್ದ ಹಾರ್ಮೋನಿಯಂಗೆ ಇಲ್ಲ. ಒಂಟೆಗೆ ಎರಡು, ಹುಲಿಗೆ ಇಲ್ಲ. ರಾಮ ಲಕ್ಷ್ಮಣರು ಮಾಡುತ್ತಿದ್ದದ್ದು ಇದನ್ನೇ! ಪರದೆಯ ಮೇಲೆ ಒಪ್ಪಿಸುತ್ತ ಮಾಡಿದಾಗ ಇಬ್ಬರೂ ನಿಧಾನವಾಗಿ ಒಬ್ಬರ ಹಿಂದೊಬ್ಬರು ಬರುತ್ತಿದ್ದರು, ಡಿಕ್ಕಿಯಾಗುತ್ತಿರಲಿಲ್ಲ. ಅವಸರದಲ್ಲಿ ಮಾತ್ರ ಇಬ್ಬರೂ ಒಂದೇ ಎಲೆಗೆ ಬಗ್ಗುತ್ತಿದ್ದರು.

"ಪರ್ವತಯ್ಯನೋರೇ, ಒಂಟೆ ನೀವು! ಹುಲಿ ನಾನು!" ಎಂದು ಅರಚಿ, ಎಂಜಲು ಕೈಯಲ್ಲೇ ಎದ್ದು ಓಡಿದ.

"ಯಾರೋ ಒಂಟೆ?" ಎಂದರು ಪರ್ವತಯ್ಯನವರು. ಉಳಿದವರು ಉಣ್ಣುತ್ತಿರುವಾಗ ಪಂಕ್ತಿಯಿಂದ ಎದ್ದವನನ್ನು ಯಜಮಾನರು ಬಾಯಿ ತೆರೆದು ನೋಡಿದರು.

ಮಧ್ಯಾಹ್ನವೆಲ್ಲ ಹಸಿದ ಹೊಟ್ಟೆಯಲ್ಲಿ ಅವನು ಪ್ರೋಗ್ರಾಮು ತಿದ್ದಿದ. ಇಬ್ಬರಿಗೂ ಸೇರಿ ಇನ್ನು ಒಂದೇ ಸೌಟು. ಸೌಟು ಕೈಯಲ್ಲಿದ್ದವನು ಮಾತ್ರ ಸಾಲನ್ನು ಮುಟ್ಟಬೇಕು, ಇನ್ನೊಬ್ಬ ಅದು ಕೈಗೆ ಬರುವ ತನಕ ಸುಮ್ಮನೆ ನಿಲ್ಲಬೇಕು. ಪ್ರಾಣಿಗಳನ್ನು ಬಿಟ್ಟು ಈ ಸಲ ತರಕಾರಿ ಹೆಸರು ಹಾಕಿದ. ಓಡಿಸಿದ, ಇನ್ನೂ ಜೋರಾಗಿ ಓಡಿಸಿದ, ಬೆನ್ನು ತಿರುಗಿಸಿ ಕೂತು ಓಡಿಸಿದ. ಒಂದೂ ತಪ್ಪಲಿಲ್ಲ, ಒಂದೂ ಎರಡು ಸಲ ಬರಲಿಲ್ಲ. ಹಾರ್ಮೋನಿಯಂನ ಚೀಟಿ ಮಲ್ಲಿಗೆ ಹೂವಿನ ಹಾಗೆ ಉದುರಿತು. ಅವನ ಕಣ್ಣಲ್ಲಿ ನೀರು ಬಂತು.

ಸಾಯಂಕಾಲ ಯಜಮಾನರು ಬಂದು ಎರಡು ಕುರ್ಚಿಗಳ ನಡುವೆ ನಿಂತರು.

"ಹೇಳು. ತಿಳಿಯೋ ಅಂಗೆ."

"ಒಂದೇ ಸಾಲಿಗೆ ಇಬ್ರು ಬಡಿಸಿದ್ದೇ ತಪ್ಪು ಯಜಮಾನ್ರೆ. ಅವ್ನು ಬಡಿಸಿದಾನೆ ಅಂತ ಇವ್ನು, ಇವ್ನು ಬಡಿಸಿದಾನೆ ಅಂತ ಅವ್ನು. ಮಧ್ಯದಲ್ಲಿ ಇರೋನಿಗೆ ಎಲೆ ಖಾಲಿ. ಈಗ ಒಂದು ಸಾಲಿಗೆ ಒಂದೇ ಸೌಟು ಮಾಡಿದೀನಿ."

ಕಂಪ್ಯೂಟರಿನ ಮಾತೊಂದು ಯಜಮಾನರ ತಲೆಗೆ ಹೊಕ್ಕಿದ್ದು ಅದೇ ಮೊದಲು. ಅವರ ಮುಖ ಅರಳಿತು. "ಭಲೇ! ಇಷ್ಟೇನಾ? ಒಂದು ಸಾಲಿಗೆ ಒಂದೇ ಸೌಟು!" ಎಂದು ಎರಡು ಸಲ ಹೇಳಿಕೊಂಡರು. "ಇನ್ನು ಕೆಡಾಕಿಲ್ಲ ತಾನೆ?"

"ಯಾವತ್ತೂ ಕೆಡಲ್ಲ ಯಜಮಾನ್ರೆ. ಯಾರು ಬೇಕಾದ್ರೂ ನಡೆಸಬಹುದು" ಎಂದ ಗಂಗಹನುಮಯ್ಯ, ಎದೆಯುಬ್ಬಿಸಿ. ಅದು ಆ ದಿನದ ಎರಡನೇ ತಪ್ಪು.

ಯಜಮಾನರು ಒಂದು ಕುರ್ಚಿ ನೋಡಿದರು, ಇನ್ನೊಂದು ಕುರ್ಚಿ ನೋಡಿದರು.

"ಅಲ್ಲಯ್ಯಾ, ಅಂಗಂದ್ರೆ ಇಲ್ಲೂ ಅದೇ ಆಗ್ತಿರೋದು. ಚೀಟಿ ತಡ ಆದ್ರೆ ಪರ್ವತಯ್ಯ ಮಾಡ್ತಾನೆ ಅಂತ ನೀನು, ನೀನು ಮಾಡ್ತೀಯ ಅಂತ ಪರ್ವತಯ್ಯ. ಒಂದು ರೂಮಿಗೆ ಎರಡು ಸೌಟು! ಪರ್ವತಯ್ಯಂಗೆ ವಯಸ್ಸಾಯ್ತು, ಬಿಸ್ಲು ತಡೆಯಾಕಿಲ್ಲ. ಪಾವಗಡದ ಗೋಡೌನ್‌ನಾಗೆ ನೋಡು, ಒಂದು ಸೌಟೂ ಇಲ್ಲ. ಸಾಮಾನು ಇಳಿಸ್ಕೊಳೋಕೆ ಜನ ಇಲ್ದೆ ಒದ್ದಾಡ್ತಾವ್ರೆ. ನೀನು ಈವತ್ತಿನ ಲಾರಿಗೇ ಹೊರಡು. ಸಂಬಳ ಅದೇ ಇರ್ತೈತೆ."

"ಯಜಮಾನ್ರೆ, ನನ್ನ ಮದ್ವೆ..."

"ಪಾವಗಡದಾಗೂ ಮದ್ವೆ ಆಗ್ತವೆ ಕಣೋ."

ಪಾವಗಡದ ಗೋಡೌನೆಂದರೆ ತಗಡಿನ ಷೆಡ್ಡು. ಅಲ್ಲಿ ಫ್ಯಾನೂ ಇರಲಿಲ್ಲ.

"ಚೀಟಿ ಇಲ್ದೆ ನಾನು ಲಾರಿಗೆ ಏನೂ ಹತ್ತಿಸಾಕಿಲ್ಲಪ್ಪ" ಎಂದ ಬಾಗಿಲಲ್ಲಿದ್ದ ಯತ್ತಪ್ಪ. ಪರ್ವತಯ್ಯನವರು ಎರಡು ಬೆರಳು ಚಾಚಿ, ನಿಧಾನವಾಗಿ ಕುಟ್ಟಿದರು: ಗಂಗಹನುಮಯ್ಯ, ಒಂದು, ಪಾವಗಡ. "ಮಾಡಿದ್ದುಣ್ಣೋ ಮಹರಾಯ" ಎಂದು ಗೊಣಗಿದರು. ಒಂಟೆ ಎಂದದ್ದನ್ನು ಅವರು ಮರೆತಿರಲಿಲ್ಲ.

ಅವನು ಎರಡು ಪ್ರಿಂಟರುಗಳನ್ನೂ ನೋಡುತ್ತ ದೇವರಿಗೆ ಹರಕೆ ಹೊತ್ತ. ರಾಮನೇ, ಲಕ್ಷ್ಮಣ ಹೊಡೆದನೆಂದು ನೀನು ಬಿಡು; ಲಕ್ಷ್ಮಣನೇ, ರಾಮ ಹೊಡೆದನೆಂದು ನೀನು ಬಿಡು. ಇದೊಂದು ಚೀಟಿ ಕಳೆದುಹೋಗಲಿ. ಕಿರ್ರೆಂದಿತು. ಚೀಟಿ ಬಂತು. ಒಂದೇ ಒಂದು, ಎಲ್ಲೂ ಮಸಿ ಹರಡದೆ ಅಚ್ಚುಕಟ್ಟಾಗಿ ಬಂತು.

ಲಾರಿಯಲ್ಲಿ ಮೂಟೆಗಳ ಮೇಲೆ, ಹಾರ್ಮೋನಿಯಂ ಪಕ್ಕದಲ್ಲಿ, ಇಳಿಬಿಸಿಲಿಗೆ ಟವೆಲು ಹೊದ್ದು ಅವನು ಕೂತಿದ್ದಾಗ, ಬಿಳೀ ಪಂಚೆ ಉಟ್ಟ ಹಿರಿಯರೊಬ್ಬರು ಬಸ್‌ಸ್ಟ್ಯಾಂಡಿನ ಕಡೆಯಿಂದ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದರು. ತಿಮ್ಮರಾಯಪ್ಪನವರು! ಗಂಗಹನುಮಯ್ಯ ಟವೆಲನ್ನು ಮುಖದ ಮೇಲೆಳೆದುಕೊಂಡ.

"ಏನಪ್ಪಾ, ಇಲ್ಲಿ ಗಂಗಹನುಮಯ್ಯ ಅಂತ ಅವ್ರಲ್ಲ, ಎಸಿ ರೂಮಿನೋರು. ಎಲ್ಲಿ ಸಿಗ್ತಾರೆ?" ಎಂದು ಅವರು ಯತ್ತಪ್ಪನನ್ನು ಕೇಳಿದರು.

ಯತ್ತಪ್ಪ ಕೈಯಲ್ಲಿದ್ದ ಚೀಟಿಗಳನ್ನು ಒಂದೊಂದಾಗಿ ತಿರುವಿ, ಬೇಕಾದದ್ದನ್ನು ಹುಡುಕಿ ತೆಗೆದ. ಅವನ ಮುಖ ಹೆಮ್ಮೆಯಿಂದ ಅಗಲವಾಯಿತು.

"ಈಗ ಏನೂ ತಪ್ಪಾಕಿಲ್ಲ ಬುಡಿ ಸ್ವಾಮಿ, ಎಲ್ಲಾ ಸರಿಯಾಗಿ ಬತ್ತೈತೆ" ಎಂದು ಅವನು ಮೇಲಕ್ಕೆ ಕೈ ತೋರಿಸಿದ. "ಅಗೋ, ಹಾರ್ಮೋನಿಯಂ ಆದ್ಮೇಲೆ ಇರೋದೇ ಅವ್ರು."