ಮೂರು ಸೀಸೆ, ಒಂದು ಕುರ್ಚಿ

ಹನ್ನೊಂದು ವರ್ಷದಿಂದ ಒಂದೇ ಕುರ್ಚಿ ಇದ್ದ ಕೋಣೆಗೆ ಎರಡನೆಯದು ಬಂದದ್ದು ಹಿಂದಿನ ಸಂಜೆ. ಬೆಳಿಗ್ಗೆ ಸಿಪ್ಪೆ ಸಾಹೇಬರು ಕಣ್ಣು ಮುಚ್ಚಿದರೂ ತಪ್ಪದ ಹಳೆಯ ದಾರಿಯಲ್ಲಿ ಕಪಾಟಿಗೆ ಹೋಗಿ, ಸೀಸೆ ತೆಗೆದುಕೊಂಡು ತಿರುಗಿದವರೇ ಹೊಸ ಕುರ್ಚಿಗೆ ಮೊಣಕಾಲು ಬಡಿಸಿಕೊಂಡರು. ಸೀಸೆ ಕೈಜಾರಿತು. ಹೆಬ್ಬೆರಳಿನಷ್ಟು ಸೀಸೆ, ಒಡೆದ ಸದ್ದೂ ಅಷ್ಟೇ. ಒಳಗಿದ್ದ ಎಣ್ಣೆಯನ್ನು ನೆಲದ ಬಿರುಕು ಬಾಯಾರಿದ್ದ ಹಾಗೆ ಕುಡಿದುಬಿಟ್ಟಿತು.

ಸಿಪ್ಪೆ ಸಾಹೇಬರು ಎನ್ನುವುದು ತೋಟಗಾರಿಕೆ ಸಂಶೋಧನಾ ಕೇಂದ್ರದವರು ಅವರ ಬೆನ್ನ ಹಿಂದೆ ಇಟ್ಟಿದ್ದ ಹೆಸರು. ಕಸಿ ಗಿಡಕ್ಕೆ ತಲೆ ಒಂದರದು, ಕಾಲು ಇನ್ನೊಂದರದು. ಅವರು ಒಂದೇ ಕಿತ್ತಳೆಯ ಕಡ್ಡಿಯನ್ನು ಒಂದು ಸಾಲಿನಲ್ಲಿ ಒರಟು ನಿಂಬೆಯ ಬೇರಿಗೂ ಇನ್ನೊಂದು ಸಾಲಿನಲ್ಲಿ ಕಹಿ ಕಿತ್ತಳೆಯ ಬೇರಿಗೂ ಕಟ್ಟಿ ಆರು ವರ್ಷ ಕಾದಿದ್ದರು. ಮಣ್ಣು ಒಂದೇ, ನೀರು ಒಂದೇ, ಹಣ್ಣೂ ನೋಡಲು ಒಂದೇ. ಸಿಪ್ಪೆಯಿಂದ ಹಿಂಡಿದ ಎಣ್ಣೆಯ ಪರಿಮಳ ಮಾತ್ರ ಒಂದಲ್ಲ ಎಂಬುದು ಅವರ ವಾದ. ನಿಂಬೆ ಬೇರಿನದು ಚುರುಕು, ಈಗ ತಾನೇ ಉಗುರಿನಲ್ಲಿ ಗೀರಿದ ಹಾಗೆ. ಕಹಿ ಬೇರಿನದರಲ್ಲಿ ಹಿಂದೆಲ್ಲೋ ಹೂವಿನ ಸುಳಿವು, ಪಕ್ಕದ ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸುವ ಹಾಗೆ.

ಒಡೆದದ್ದು ಈ ಕಹಿ ಬೇರಿನ ಸೀಸೆ. ಇದ್ದದ್ದು ಅದೊಂದೇ.

ಮಧ್ಯಾಹ್ನ ಮೂರಕ್ಕೆ ನಿರ್ದೇಶಕರ ಎದುರು ಪರೀಕ್ಷೆ. ಮೂರು ಸೀಸೆಗಳಲ್ಲಿ ಎರಡು ನಿಂಬೆ ಬೇರಿನವು, ಒಂದು ಕಹಿ ಬೇರಿನದು. ಕಚೇರಿಯ ಮೂವರು, ಅಂದರೆ ಟೈಪಿಸ್ಟಮ್ಮ, ಡ್ರೈವರ್ ಮತ್ತು ಸ್ಟೋರ್ ಕೀಪರ್, ಮೂಸಿ, ಗುಂಪಿಗೆ ಸೇರದ್ದರ ನಂಬರನ್ನು ಚೀಟಿಯಲ್ಲಿ ಬರೆಯಬೇಕು. ಮೂವರೂ ಸರಿ ಬರೆದರೆ ಒಬ್ಬ ಸಹಾಯಕನ ಹುದ್ದೆ ಮಂಜೂರು. ಒಬ್ಬೊಬ್ಬರದು ಒಂದೊಂದಾದರೆ ಮುಂದಿನ ಬೆಳೆಗೆ ಇನ್ನೊಮ್ಮೆ. "ಇವತ್ತು ನಡೆಯದಿದ್ರೆ ಕಡತ ಮುಚ್ಚುತ್ತೇನೆ. ಎರಡು ಸಲ ಮುಂದೂಡಿದ್ದೀರಿ," ಎಂದಿದ್ದರು ನಿರ್ದೇಶಕರು.

ಸಹಾಯಕ ಬಂದು ಏನು ಕೆಲಸ ಮಾಡಬೇಕೆಂದು ಸಾಹೇಬರು ಯೋಚಿಸಿರಲಿಲ್ಲ. ಅವನಿಗೆಂದೇ ಸ್ಟೋರಿನಿಂದ ತರಿಸಿದ್ದ ಎದುರಿನ ಕುರ್ಚಿಯಲ್ಲಿ ಕೂತು ಆಗಾಗ "ಹೌದಾ ಸಾರ್?" ಅಂದರೆ ಸಾಕಿತ್ತು. ಮನೆಯಲ್ಲೂ ಹಾಗೆನ್ನುವವರು ಇರಲಿಲ್ಲ.

ಕಹಿ ಬೇರಿನ ಸಾಲಿನಲ್ಲಿ ಕೊನೆಯ ನಾಲ್ಕು ಹಣ್ಣು ಉಳಿದಿದ್ದವು. ಸಾಹೇಬರು ಚಾಕು ಹಿಡಿದು ಓಡಿದರು. ಮರದ ಕೆಳಗೆ ಕೇಂದ್ರದ ಡ್ರೈವರ್ ಕಾಲು ಚಾಚಿ ಕೂತು ಬಾಯಿ ಒರೆಸಿಕೊಳ್ಳುತ್ತಿದ್ದ.

"ಹಣ್ಣು?"

"ಸಿಹಿಯಾಗಿತ್ತು ಸಾರ್. ಇನ್ನೆರಡು ಇದ್ದಿದ್ರೆ ನಿಮಗೂ ಇಡ್ತಿದ್ದೆ."

"ಹಣ್ಣು ಹೋಗಲಿ ಮಾರಾಯ, ಸಿಪ್ಪೆ ಎಲ್ಲಿ?"

ಡ್ರೈವರ್ ಅವರನ್ನು ಕನಿಕರದಿಂದ ನೋಡಿದ. "ಕೇಳಿದ್ರೆ ಹಣ್ಣೇ ಕೊಡ್ತಿದ್ನಲ್ಲ ಸಾರ್. ಸಿಪ್ಪೆ ತಿನ್ನೋ ಕರ್ಮ ಯಾಕೆ? ಅದನ್ನ ಹಸೂಗೆ ಹಾಕ್ದೆ."

ಬೇಲಿಯಾಚೆ ಹಸು ಕಣ್ಣು ಅರೆಮುಚ್ಚಿ ಅವರ ಆರು ವರ್ಷವನ್ನು ಮೆಲುಕು ಹಾಕುತ್ತಿತ್ತು.

ಹಿಂದಿರುಗುವಾಗ ಟೈಪಿಸ್ಟಮ್ಮ ಅಡ್ಡಗಟ್ಟಿದರು. "ಮುಖ ಯಾಕ್ ಸಾರ್ ಹಿಂಡಿದ ನಿಂಬೆಹಣ್ಣಿನ ಥರ ಇದೆ?"

"ಏನಿಲ್ಲಮ್ಮ. ಬೇರು—"

"ಅಯ್ಯೋ, ಒಲೆ ಮೇಲೆ ಏನೋ ಇಟ್ಟು ಬಂದಿದ್ದೀನಿ," ಎಂದು ಆಕೆ ಟೈಪ್‌ರೈಟರಿನತ್ತ ಓಡಿದರು. ಕಚೇರಿಯಲ್ಲಿ ಒಲೆ ಇರಲಿಲ್ಲ. ಊಟದ ಮೇಜಿನಲ್ಲೂ ಹಾಗೆಯೇ. ಸಾಹೇಬರು ಡಬ್ಬಿ ಬಿಚ್ಚುವಷ್ಟರಲ್ಲಿ ಉಳಿದವರ ಊಟ ಅರ್ಧಕ್ಕೇ ಮುಗಿಯುತ್ತಿತ್ತು. ಪಾಪ, ಎಲ್ಲರಿಗೂ ಕೆಲಸ ಜಾಸ್ತಿ ಎಂದುಕೊಂಡಿದ್ದರು ಅವರು. ಅವತ್ತು ಮಾತ್ರ ಸ್ಟೋರ್ ಕೀಪರ್ ಎದ್ದು ಹೋಗುವ ಮುಂಚೆ ಹೆಗಲು ತಟ್ಟಿದ. "ಧೈರ್ಯವಾಗಿರಿ ಸಾರ್. ಮೂಸೋರು ನಾವೇ ಮೂರು ಜನ ತಾನೇ? ನಾವಿದ್ದೀವಿ."

ಆ ಮಾತು ಕೇಳಿ ಸಾಹೇಬರು ಡಬ್ಬಿಯನ್ನು ಹಾಗೇ ಮುಚ್ಚಿಟ್ಟರು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಮೂರು ಸೀಸೆಗಳಿಗೂ ನಿಂಬೆ ಬೇರಿನ ಎಣ್ಣೆಯನ್ನೇ ತುಂಬಿದರು. ಬೇರೆಯಾದದ್ದು ಇಲ್ಲವೇ ಇಲ್ಲದಿದ್ದರೆ ಮೂವರೂ ತಡಕಾಡುತ್ತಾರೆ, ತೋಚಿದ ನಂಬರ್ ಬರೆಯುತ್ತಾರೆ, ತಮಗೆ ಒಂದು ವರ್ಷ ಸಿಗುತ್ತದೆ. ಹನ್ನೊಂದು ವರ್ಷದಲ್ಲಿ ಅವರು ಮಾಡಿದ ಮೊದಲ ಮೋಸ. ಅದನ್ನೂ ಹನಿ ಎಣಿಸಿ, ಮೂರೂ ಸಮ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿಯೇ ಮಾಡಿದರು. ಹಿಂದಿನ ದಿನ ಉತ್ತರದ ಹಾಳೆಯಲ್ಲಿ ನಿರ್ದೇಶಕರಿಗೆ ಕಳಿಸಿದ್ದ ಮೂರಂಕಿಯ ನಂಬರುಗಳನ್ನೇ ಅಂಟಿಸಿದರು.

ಮೂರು ಗಂಟೆಗೆ ಟೈಪಿಸ್ಟಮ್ಮ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತವರಂತೆ ಮೂಸಿದರು. ಡ್ರೈವರ್ ಎಂಜಿನ್ ಪರೀಕ್ಷಿಸುವವನಂತೆ ತಲೆ ಓರೆ ಮಾಡಿದ. ಸ್ಟೋರ್ ಕೀಪರನಂತೂ ಮೂರನೇ ಸೀಸೆಯ ಮುಚ್ಚಳ ತೆಗೆಯಲೂ ಇಲ್ಲ. ನಿರ್ದೇಶಕರು ಚೀಟಿಗಳನ್ನು ಬಿಡಿಸಿದರು.

"೭೩೬. ೭೩೬. ಇದೂ ೭೩೬."

"ಆಕಾಶ ಭೂಮಿ ವ್ಯತ್ಯಾಸ ಸಾರ್," ಅಂದ ಡ್ರೈವರ್.

"ಎಳೇ ಮಗೂಗೂ ಗೊತ್ತಾಗುತ್ತೆ," ಅಂದರು ಟೈಪಿಸ್ಟಮ್ಮ.

ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದರು. "ಭೇಷ್. ಸೋಮವಾರದಿಂದಲೇ ಸಹಾಯಕ ಬರಲಿ."

ಸಾಹೇಬರ ಕಣ್ಣಿಗೆ ಎದುರಿನ ಕುರ್ಚಿಯಲ್ಲಿ ಯಾರೋ ಕೂತದ್ದು ಕಂಡಿತು. ಆ ಯಾರೋ "ಹೌದಾ ಸಾರ್?" ಎಂದು ಕೇಳಿದ. ಸುಳ್ಳಿನ ಮೇಲೆ ಕೂತವನಿಗೆ ನಿಜವಾದ ಬೇರಿನ ವಿಷಯ ಹೇಗೆ ಹೇಳುವುದು?

"ಸಾರ್, ಸಹಿ ಹಾಕಬೇಡಿ. ಮೂರರಲ್ಲೂ ಇರೋದು ಒಂದೇ ಎಣ್ಣೆ." ಬೆಳಗಿನ ಕತೆಯನ್ನೆಲ್ಲ ಹೇಳಿಬಿಟ್ಟರು, ಹಸುವನ್ನೂ ಬಿಡದೆ.

ಮೂವರು ಮೂಸುವವರೂ ಛಾವಣಿಯಲ್ಲಿ ಜೇಡ ಹುಡುಕತೊಡಗಿದರು. ನಿರ್ದೇಶಕರು ನಿಧಾನವಾಗಿ ಪೆನ್ನು ಮುಚ್ಚಿದರು. "ಅಂದ್ರೆ, ವ್ಯತ್ಯಾಸ ಇಲ್ಲದ ಕಡೆ ಮೂರು ಮೂಗೂ ವ್ಯತ್ಯಾಸ ಕಂಡುಹಿಡಿದವು."

"ಹೌದು ಸಾರ್."

"ಹಾಗಿದ್ರೆ ಆರು ವರ್ಷ ಕಾದು ನಿಮ್ಮ ಮೂಗು ಮಾಡಿದ್ದೂ ಅದೇ ಇರಬಹುದಲ್ಲ?"

ಸಾಹೇಬರ ಬಳಿ ಉತ್ತರವಿತ್ತು. ಅದು ನೆಲದ ಬಿರುಕಿನಲ್ಲಿತ್ತು. ಕಡತ ಮುಚ್ಚಿತು.

ಸಂಜೆ ಕುರ್ಚಿ ವಾಪಸು ಒಯ್ಯಲು ಸ್ಟೋರ್ ಕೀಪರ್ ಬಂದ. "ಒಂದು ಮಾತು ಮೊದಲೇ ಹೇಳಬಾರದಿತ್ತಾ ಸಾರ್? ಉತ್ತರದ ಹಾಳೆ ಟೈಪ್ ಮಾಡಿದ್ದು ಟೈಪಿಸ್ಟಮ್ಮನೇ. ನಂಬರ್ ನಮ್ಮಿಬ್ರಿಗೂ ಬಾಯಿಪಾಠ ಮಾಡ್ಸಿದ್ರು."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಮೂರು ಜನ, ತಮ್ಮ ಕೆಲಸ ಬಿಟ್ಟು, ಕೂತು, ಮಾತಾಡಿಕೊಂಡು... "ನನಗೋಸ್ಕರನಾ?"

ಸ್ಟೋರ್ ಕೀಪರ್ ತಲೆ ಕೆರೆದುಕೊಂಡ. "ಬೇಜಾರು ಮಾಡ್ಕೋಬೇಡಿ. ನಮಗೋಸ್ಕರ. ಸಹಾಯಕ ಅಂತ ಒಬ್ಬ ಬಂದ್ರೆ ಬೇರಿನ ಪಾಠ ಅವನಿಗೆ ಆಗುತ್ತೆ, ನಾವು ಹೊಟ್ಟೆ ತುಂಬ ಊಟ ಮಾಡಬಹುದು ಅಂತ."

ಸಾಹೇಬರು ಕನ್ನಡಕ ಹಾಕಿಕೊಂಡರು. ಸ್ಟೋರ್ ಕೀಪರ್ ಬಗ್ಗಿ ಕುರ್ಚಿಯ ಕಾಲಿಗೆ ಕೈಹಾಕಿದವನು ಹಾಗೇ ನಿಂತ. ಮೂಗರಳಿಸಿ ಇನ್ನಷ್ಟು ಬಗ್ಗಿದ.

"ಇದೇನ್ ಸಾರ್ ಇಲ್ಲಿ? ಆ ಸೀಸೆಗಳ ವಾಸನೇನೇ, ಆದ್ರೆ ಅದಲ್ಲ. ಒಳಗೆಲ್ಲೋ ಹೂವಿದ್ದ ಹಾಗಿದೆ."

ಸಾಹೇಬರು ಎದ್ದು ನಿಂತರು. ಆರು ವರ್ಷದಲ್ಲಿ ಮೊದಲ ಸಲ ಇನ್ನೊಂದು ಮೂಗು, ಯಾರೂ ಹೇಳಿಕೊಡದೆ, ಸರಿ ಹೇಳಿತ್ತು. ಬರೆದುಕೊಳ್ಳಲು ಚೀಟಿಯಿಲ್ಲ, ಸಾಕ್ಷಿಗೆ ಯಾರೂ ಇಲ್ಲ.

"ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದರು, ಬಿರುಕಿನತ್ತ ಬಗ್ಗುತ್ತ. "ಅದು ಬೇರಿನಿಂದ ಬರೋದು. ಹೇಗೆ ಅಂದ್ರೆ—"

ಸ್ಟೋರ್ ಕೀಪರ್ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಆಗಲೇ ಅರ್ಧ ಕಾರಿಡಾರ್ ದಾಟಿದ್ದ.